ಗುರಿ ಒಂದು, ವಿನ್ಯಾಸ ಹಲವು: ಕ್ಯಾನ್ಸರ್ ಚಿಕಿತ್ಸೆಗೆ ಯಾವ ಪ್ರತಿಕಾಯ ಯಾವಾಗ ಸೂಕ್ತ?

ಕ್ಯಾನ್ಸರ್ ಚಿಕಿತ್ಸೆಗೆಂದು ಪ್ರತಿಕಾಯವೊಂದನ್ನು ರೂಪಿಸಲು ಹೊರಟವರಿಗೆ ಇಂದು ಆಯ್ಕೆಗಳ ಕೊರತೆಯಿಲ್ಲ. ಯಾವ ಔಷಧವನ್ನೂ ಹೊರದ ಬರಿಯ ಪ್ರತಿಕಾಯ, ಬಾಲದ ಭಾಗವನ್ನು ತಿದ್ದಿದ ಪ್ರತಿಕಾಯ, ಕೋಶನಾಶಕ ಅಣುಗಳನ್ನು ಹೊತ್ತೊಯ್ಯುವ ಪ್ರತಿಕಾಯ-ಔಷಧ ಸಂಯುಕ್ತ, ಎರಡು ಗುರಿಗಳನ್ನು ಒಮ್ಮೆಲೇ ಹಿಡಿಯುವ ದ್ವಿಗುರಿ ಪ್ರತಿಕಾಯ, ಪ್ರತಿಕಾಯದ ತುಣುಕನ್ನೇ ಗ್ರಾಹಕವಾಗಿ (ಗುರಿಯನ್ನು ಗುರುತಿಸುವ ಮೇಲ್ಮೈ ಪ್ರೋಟೀನಾಗಿ) ಧರಿಸಿದ ರೋಗನಿರೋಧಕ ಜೀವಕೋಶವಾದ ಕಾರ್-ಟಿ, ಇವೆಲ್ಲವೂ ಪ್ರಯೋಗಾಲಯವನ್ನು ದಾಟಿ ಆಸ್ಪತ್ರೆಯ ವಾರ್ಡಿಗೆ ಬಂದಿವೆ. ಆಯ್ಕೆ ಹೆಚ್ಚಿದಂತೆ, ಎಲ್ಲಕ್ಕಿಂತ ಹೊಸ ವಿನ್ಯಾಸವೇ ಎಲ್ಲಕ್ಕಿಂತ ಒಳ್ಳೆಯದು ಎಂಬ ಎಣಿಕೆಯೂ ಬಲಗೊಳ್ಳುತ್ತಿದೆ. ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಸಂಶೋಧನೆಯ ಹೊಸ್ತಿಲಲ್ಲಿರುವವರನ್ನೂ ಮನಸ್ಸಿನಲ್ಲಿಟ್ಟು ಬರೆದ ಈ ಮಾರ್ಗದರ್ಶಿಯ ನಿಲುವು ಬೇರೆ. ಗುರಿಯಾದ ಪ್ರೋಟೀನು ಗಡ್ಡೆಯಲ್ಲಿ ಎಷ್ಟಿದೆ, ಆರೋಗ್ಯವಾಗಿರುವ ಅಂಗಗಳಲ್ಲಿ ಎಷ್ಟಿದೆ, ಪ್ರತಿಕಾಯ ಅಂಟಿಕೊಂಡ ಮೇಲೆ ಆ ಪ್ರೋಟೀನಿಗೆ ಏನಾಗುತ್ತದೆ ಎಂಬ ಮೂರು ಸಂಗತಿಗಳು ತಿಳಿಯುವ ಮೊದಲು ವಿನ್ಯಾಸವನ್ನು ಆರಿಸಕೂಡದು.

ಈ ಮಾತನ್ನು ಒರೆಗೆ ಹಚ್ಚಲು ಬೆಳವಣಿಗೆಯ ಸಂಕೇತವನ್ನು ಜೀವಕೋಶದೊಳಕ್ಕೆ ಸಾಗಿಸುವ ಹರ್-2 ಎಂಬ ಗ್ರಾಹಕವನ್ನು ಉದ್ದಕ್ಕೂ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಸ್ತನ ಕ್ಯಾನ್ಸರ್‌ಗಳ ಪೈಕಿ ಸುಮಾರು ಶೇ 15ರಿಂದ 20ರಷ್ಟರಲ್ಲಿ ಇದರ ವಂಶವಾಹಿಯ ಪ್ರತಿಗಳು ಹೆಚ್ಚಾಗಿ, ಜೀವಕೋಶದ ಮೇಲ್ಮೈಯಲ್ಲಿ ಈ ಗ್ರಾಹಕ ಕಿಕ್ಕಿರಿದಿರುತ್ತದೆ; ಹೃದಯದ ಸ್ನಾಯುವಿನಲ್ಲಿ, ಶ್ವಾಸಕೋಶದ ಒಳಪದರದಲ್ಲಿ ಅದು ಅಲ್ಪ ಪ್ರಮಾಣದಲ್ಲಿ ಸಹಜವಾಗಿಯೇ ಇರುತ್ತದೆ. ಇದನ್ನು ಹಿಡಿಯುವ ಟ್ರಾಸ್ಟುಜುಮ್ಯಾಬ್‌ಗೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅಂದಿನಿಂದ ಗುರಿಯನ್ನು ಹಿಡಿಯುವ ಅದೇ ತೋಳನ್ನು, ಇಲ್ಲವೇ ಅದರ ಹತ್ತಿರದ ಸಂಬಂಧಿಯನ್ನು, ಒಂದಾದ ಮೇಲೊಂದು ವಿನ್ಯಾಸಕ್ಕೆ ಜೋಡಿಸಿ ನೋಡಲಾಗಿದೆ. ತೋಳು ಹಾಗೆಯೇ ಇದ್ದು ಉಳಿದದ್ದು ಬದಲಾದಾಗ ಫಲ ಎಷ್ಟು ಬದಲಾಗುತ್ತದೆ ಎಂದು ತೋರಿಸುವ ಇಂಥ ದಾಖಲೆ ಅಪರೂಪ.

ಮುಂದೆ ಹೋಗುವ ಮೊದಲು ಅಣುವಿನ ರಚನೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ಚಿಕಿತ್ಸೆಯಲ್ಲಿ ಬಳಸುವ ಐಜಿಜಿ ಪ್ರತಿಕಾಯ ಸುಮಾರು 150 ಕಿಲೋಡಾಲ್ಟನ್ ತೂಕದ ಕವಲೊಡೆದ ಪ್ರೋಟೀನು. ಅದರಲ್ಲಿ ಎರಡು ಭಾರದ ಸರಪಳಿಗಳೂ ಎರಡು ಹಗುರ ಸರಪಳಿಗಳೂ ಇವೆ. ಎರಡು ತೋಳುಗಳ ತುದಿಯಲ್ಲಿರುವ ಆರಾರು ಕುಣಿಕೆಗಳು ಗುರಿಯನ್ನು ಗುರುತಿಸುತ್ತವೆ. ಎಫ್‌ಸಿ ಎನ್ನುವ ಬಾಲವು ರೋಗನಿರೋಧಕ ಜೀವಕೋಶಗಳನ್ನು ಕರೆಯುವುದಲ್ಲದೆ, ಅಣುವನ್ನು ರಕ್ತದಲ್ಲಿ ವಾರಗಟ್ಟಲೆ ಉಳಿಸುವ ಕೆಲಸವನ್ನೂ ಮಾಡುತ್ತದೆ. ಮಾನವ ಐಜಿಜಿ1ರ ಅರ್ಧಾಯುಷ್ಯ ಮೂರು ವಾರಗಳಷ್ಟಿರುವುದು ಈ ಬಾಲದ ದೆಸೆಯಿಂದ. ಯಾವ ವಿನ್ಯಾಸವನ್ನು ಆರಿಸಿದರೂ ಅದು ತೋಳು, ಬಾಲ ಮತ್ತು ಹೊರೆ (ಅಣುವಿಗೆ ಕಟ್ಟಿ ಕಳಿಸುವ ಔಷಧ) ಎಂಬ ಮೂರರಲ್ಲಿ ಒಂದರ ಮೇಲೆ ಕೈಯಾಡಿಸಿದ್ದೇ ಆಗಿರುತ್ತದೆ.

ಇಲಿಯದೋ, ಮನುಷ್ಯನದೋ?

1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಜಾರ್ಜ್ ಕೊಹ್ಲರ್ ಮತ್ತು ಸೆಸಾರ್ ಮಿಲ್‌ಸ್ಟೈನ್, ಪ್ರತಿಕಾಯ ತಯಾರಿಸುವ ಜೀವಕೋಶವನ್ನು ಕ್ಯಾನ್ಸರ್ ಜೀವಕೋಶದೊಂದಿಗೆ ಬೆಸೆಯುವ ಹೈಬ್ರಿಡೋಮಾ ವಿಧಾನವನ್ನು ಪ್ರಕಟಿಸಿದ ಮೇಲೆ ಬೇಕಾದ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವುದು ಸಾಧ್ಯವಾಯಿತು. ಆದರೆ ಆ ಪ್ರತಿಕಾಯಗಳು ಇಲಿಯವು. ಅವನ್ನು ರೋಗಿಯ ದೇಹ ಪರಕೀಯವೆಂದು ಗುರುತಿಸಿ ತನ್ನದೇ ಪ್ರತಿಕಾಯಗಳನ್ನು ಅವುಗಳ ವಿರುದ್ಧ ತಯಾರಿಸುತ್ತಿತ್ತು. ಇಲಿಯ ಬಾಲ ಮನುಷ್ಯನ ರೋಗನಿರೋಧಕ ಜೀವಕೋಶಗಳೊಂದಿಗೆ ಸರಿಯಾಗಿ ಬೆಸೆಯುತ್ತಲೂ ಇರಲಿಲ್ಲ. ಇದಕ್ಕೆ ಮೂರು ಪರಿಹಾರಗಳು ಬಂದವು. ಇಲಿಯ ತೋಳಿನ ತುದಿಗೆ ಮನುಷ್ಯನ ಉಳಿದ ಭಾಗವನ್ನು ಜೋಡಿಸಿದ ಮಿಶ್ರ ಪ್ರತಿಕಾಯ ಮೊದಲನೆಯದು. 1997ರಲ್ಲಿ ಒಪ್ಪಿಗೆ ಪಡೆದ ರಿಟುಕ್ಸಿಮ್ಯಾಬ್ ಈ ಬಗೆಯದು. ಕುಣಿಕೆಗಳನ್ನು ಮಾತ್ರ ಇಲಿಯಿಂದ ತೆಗೆದು ಮಾನವ ಚೌಕಟ್ಟಿಗೆ ಕಸಿ ಮಾಡುವ ಮಾನವೀಕರಣ ಎರಡನೆಯದು. ಗ್ರೆಗ್ ವಿಂಟರ್ ಅವರ ತಂಡ 1986ರಲ್ಲಿ ಇದನ್ನು ತೋರಿಸಿಕೊಟ್ಟಿತು. ಬ್ಯಾಕ್ಟೀರಿಯಾಗಳಿಗೆ ತಗಲುವ ಫೇಜ್ ವೈರಸ್ಸುಗಳ ಮೇಲೆ ಮಾನವ ತುಣುಕುಗಳನ್ನು ಪ್ರದರ್ಶಿಸಿ ಆರಿಸುವುದು, ಅಥವಾ ಮಾನವ ಪ್ರತಿಕಾಯ ವಂಶವಾಹಿಗಳನ್ನು ಹೊತ್ತ ಇಲಿಗಳಲ್ಲಿ ಬೆಳೆಸುವುದು ಮೂರನೆಯದು. ಇದರಿಂದ ಸಂಪೂರ್ಣ ಮಾನವ ಪ್ರತಿಕಾಯಗಳು ಬರುತ್ತವೆ.

ಮಾನವೀಕರಣವೆಂದರೆ ಕುಣಿಕೆಗಳನ್ನು ಕತ್ತರಿಸಿ ಅಂಟಿಸುವುದು ಎಂದು ತಿಳಿದರೆ ತಪ್ಪಾಗುತ್ತದೆ. ಟ್ರಾಸ್ಟುಜುಮ್ಯಾಬ್‌ನ ಮೂಲವಾದ 4ಡಿ5 ಎಂಬ ಇಲಿ ಪ್ರತಿಕಾಯವನ್ನು ಜೆನೆಂಟೆಕ್ ಸಂಸ್ಥೆಯಲ್ಲಿ ಮಾನವೀಕರಿಸಿದಾಗ, ಕುಣಿಕೆಗಳನ್ನಷ್ಟೇ ಕಸಿ ಮಾಡಿದ ಮೊದಲ ರೂಪವು ಗುರಿಗೆ ಸಡಿಲವಾಗಿ ಅಂಟಿತು ಮತ್ತು ಕ್ಯಾನ್ಸರ್ ಜೀವಕೋಶಗಳ ಬೆಳವಣಿಗೆಯನ್ನು ತಡೆಯಲೇ ಇಲ್ಲ. ಕುಣಿಕೆಗಳು ತಮ್ಮ ಆಕಾರವನ್ನು ತಾವೇ ಉಳಿಸಿಕೊಳ್ಳುವುದಿಲ್ಲ, ಕೆಳಗಿನ ಚೌಕಟ್ಟಿನ ಕೆಲವು ಅಮೈನೋ ಆಮ್ಲಗಳು ಅವಕ್ಕೆ ಆಸರೆಯಾಗಿ ನಿಂತಿರುತ್ತವೆ. ಅಂಥ ಸ್ಥಾನಗಳನ್ನು ಕಂಪ್ಯೂಟರ್ ಮಾದರಿಯ ನೆರವಿನಿಂದ ಗುರುತಿಸಿ, ಒಂದೊಂದಾಗಿ ಬದಲಿಸಿ ನೋಡಿದ ಮೇಲೆ ದೊರೆತ ಎಂಟನೆಯ ರೂಪವು ಮೊದಲನೆಯದಕ್ಕಿಂತ 250 ಪಟ್ಟು, ಮೂಲ ಇಲಿ ಪ್ರತಿಕಾಯಕ್ಕಿಂತಲೂ 3 ಪಟ್ಟು ಬಿಗಿಯಾಗಿ ಅಂಟಿತು. 1992ರಲ್ಲಿ ಪ್ರಕಟವಾದ ಆ ಎಂಟನೆಯ ರೂಪವೇ ಇಂದಿನ ಔಷಧ. ಈ ಕೆಲಸಕ್ಕೆ ಕೈ ಹಾಕುವವರು ಮೊದಲ ಕಸಿಯ ಫಲವನ್ನು ನೋಡಿ ಗುರಿಯನ್ನೇ ಕೈಬಿಡಬಾರದು.

ಹಾಗಾದರೆ ಸಂಪೂರ್ಣ ಮಾನವ ಪ್ರತಿಕಾಯವೇ ಮೇಲಲ್ಲವೇ? ಹರ್-2ರ ಸಹೋದರ ಗ್ರಾಹಕವಾದ ಇಜಿಎಫ್‌ಆರ್ ಗುರಿಯ ಎರಡು ಔಷಧಗಳನ್ನು ನೇರವಾಗಿ ಹೋಲಿಸಿದ ಆಸ್ಪೆಕ್ಟ್ ಪ್ರಯೋಗ ಇದಕ್ಕೆ ಉತ್ತರ ನೀಡುತ್ತದೆ. ದೊಡ್ಡಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಮಿಶ್ರ ಪ್ರತಿಕಾಯವಾದ ಸೆಟುಕ್ಸಿಮ್ಯಾಬ್ ಪಡೆದವರ ಬದುಕುಳಿವಿನ ಮಧ್ಯಾಂಕ 10.0 ತಿಂಗಳು, ಸಂಪೂರ್ಣ ಮಾನವವಾದ ಪಾನಿಟುಮುಮ್ಯಾಬ್ ಪಡೆದವರದು 10.4 ತಿಂಗಳು, ಅಂದರೆ ಪರಿಣಾಮದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಕಂಡದ್ದು ಡ್ರಿಪ್ ಹಾಕುವಾಗಿನ ತೀವ್ರ ಪ್ರತಿಕ್ರಿಯೆಯಲ್ಲಿ. ಅದು ಮೊದಲನೆಯದರಲ್ಲಿ ಶೇ 2ರಷ್ಟು, ಎರಡನೆಯದರಲ್ಲಿ ಶೇ 0.5ಕ್ಕಿಂತ ಕಡಿಮೆ. ಸೆಟುಕ್ಸಿಮ್ಯಾಬ್‌ನ ಕೆಲವು ಪ್ರಾಣಾಪಾಯದ ಪ್ರತಿಕ್ರಿಯೆಗಳಿಗೆ ಕಾರಣ ಇಲಿಯ ಅಮೈನೋ ಆಮ್ಲಗಳೇ ಆಗಿರಲಿಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಔಷಧವನ್ನು ತಯಾರಿಸಿದ ಇಲಿ ಜೀವಕೋಶಗಳು ಅದರ ಮೇಲೆ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯನ್ನು ಜೋಡಿಸಿದ್ದವು, ಮತ್ತು ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಉಣ್ಣೆಗಳ ಕಡಿತದಿಂದ ಅನೇಕರಲ್ಲಿ ಆ ಸಕ್ಕರೆಗೆ ಅಲರ್ಜಿ ಮೊದಲೇ ಬೆಳೆದಿತ್ತು. ಅಣುವಿನ ಮೂಲವಷ್ಟೇ ಮುಖ್ಯವಾದದ್ದು ಅದನ್ನು ಯಾವ ಜೀವಕೋಶದಲ್ಲಿ ಬೆಳೆಸುತ್ತೇವೆ ಎಂಬುದು. ನನ್ನ ಅಭಿಪ್ರಾಯದಲ್ಲಿ ಮಾನವೀಕೃತವೋ ಸಂಪೂರ್ಣ ಮಾನವವೋ ಎಂಬ ಪ್ರಶ್ನೆಗೆ ಇಂದು ಹಿಂದಿನಷ್ಟು ತೂಕವಿಲ್ಲ. ಸಂಪೂರ್ಣ ಮಾನವ ಪ್ರತಿಕಾಯಗಳ ವಿರುದ್ಧವೂ ಕೆಲವು ರೋಗಿಗಳಲ್ಲಿ ಪ್ರತಿಕಾಯಗಳು ಬೆಳೆಯುತ್ತವೆ. ಕೈಯಲ್ಲಿ ಒಳ್ಳೆಯ ಇಲಿ ಪ್ರತಿಕಾಯವಿದ್ದರೆ ಮಾನವೀಕರಿಸಿ, ಇಲ್ಲದಿದ್ದರೆ ಫೇಜ್ ಸಂಗ್ರಹದಿಂದ ಅಥವಾ ಮಾನವ ವಂಶವಾಹಿಯ ಇಲಿಯಿಂದ ಆರಂಭಿಸಿ.

ಎಲ್ಲಿ ಹಿಡಿಯಬೇಕು, ಎಷ್ಟು ಬಿಗಿಯಾಗಿ?

ಒಂದೇ ಗ್ರಾಹಕದ ಎರಡು ಬೇರೆ ಜಾಗಗಳನ್ನು ಹಿಡಿಯುವ ಪ್ರತಿಕಾಯಗಳು ಎರಡು ಬೇರೆ ಔಷಧಗಳೇ ಸರಿ. ಟ್ರಾಸ್ಟುಜುಮ್ಯಾಬ್ ಹರ್-2ರ ನಾಲ್ಕನೆಯ ಭಾಗವನ್ನು, ಅಂದರೆ ಕೋಶಪೊರೆಗೆ ಹತ್ತಿರವಿರುವ ಭಾಗವನ್ನು ಹಿಡಿಯುತ್ತದೆ. ಪರ್ಟುಜುಮ್ಯಾಬ್ ಹಿಡಿಯುವುದು ಎರಡನೆಯ ಭಾಗವನ್ನು. ಹರ್-2 ತನ್ನ ಸಹೋದರ ಗ್ರಾಹಕಗಳೊಂದಿಗೆ ಜೋಡಿಯಾಗುವುದು ಆ ಜಾಗದ ಮೂಲಕ. ಎರಡನ್ನೂ ಕೀಮೋಥೆರಪಿಯ ಜೊತೆಗೆ ಕೊಟ್ಟ ಕ್ಲಿಯೋಪಾತ್ರಾ ಪ್ರಯೋಗದಲ್ಲಿ ಬದುಕುಳಿವಿನ ಮಧ್ಯಾಂಕ 40.8 ತಿಂಗಳಿಂದ 56.5 ತಿಂಗಳಿಗೆ ಏರಿತು. ಅಣುವಿನ ರಚನೆಯಲ್ಲಿ ಯಾವ ಹೊಸತನವೂ ಇಲ್ಲದ ಎರಡು ಬರಿಯ ಪ್ರತಿಕಾಯಗಳು ಜಾಗದ ಆಯ್ಕೆಯಿಂದಲೇ ಇಷ್ಟನ್ನು ಸಾಧಿಸಿದವು ಎಂಬುದನ್ನು ವಿನ್ಯಾಸಕಾರರು ಮರೆಯಬಾರದು.

ಬಿಗಿತದ ವಿಷಯದಲ್ಲಿ ಹೆಚ್ಚು ಎಂದರೆ ಉತ್ತಮ ಎಂಬ ನಂಬಿಕೆ ಎರಡು ಕಾರಣಗಳಿಂದ ಸುಳ್ಳಾಗುತ್ತದೆ. ಮೊದಲನೆಯದಾಗಿ, ಬಹಳ ಬಿಗಿಯಾಗಿ ಅಂಟುವ ಪ್ರತಿಕಾಯವು ರಕ್ತನಾಳದಿಂದ ಹೊರಬಿದ್ದೊಡನೆ ಎದುರಾದ ಜೀವಕೋಶಗಳಿಗೇ ಅಂಟಿ ಮುಗಿದುಹೋಗುತ್ತದೆ. ಪಂಕ್ತಿಯ ಮೊದಲ ಸಾಲಿನಲ್ಲೇ ಬಡಿಸಿ ಮುಗಿದ ಹೋಳಿಗೆ ಕೊನೆಯ ಸಾಲಿಗೆ ತಲುಪದ ಹಾಗೆ, ಗಡ್ಡೆಯ ಒಳಭಾಗಕ್ಕೆ ಔಷಧ ಸೇರುವುದೇ ಇಲ್ಲ. ಎರಡನೆಯದಾಗಿ, ಬಿಗಿತ ಹೆಚ್ಚಿದಷ್ಟೂ ಗ್ರಾಹಕ ವಿರಳವಾಗಿರುವ ಆರೋಗ್ಯವಂತ ಜೀವಕೋಶಗಳ ಮೇಲೂ ಅದು ನೆಲೆನಿಲ್ಲುತ್ತದೆ. ಇಜಿಎಫ್‌ಆರ್ ಅನ್ನೇ ಹಿಡಿಯುವ ನಿಮೊಟುಜುಮ್ಯಾಬ್ ಇದಕ್ಕೆ ಹತ್ತಿರದ ಸಾಕ್ಷಿ. ಕ್ಯೂಬಾದಲ್ಲಿ ಹುಟ್ಟಿ, 2006ರಲ್ಲಿ ಬೆಂಗಳೂರಿನ ಬಯೋಕಾನ್ ಮೂಲಕ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ಭಾರತದ ಮಾರುಕಟ್ಟೆಗೆ ಬಂದ ಈ ಮಾನವೀಕೃತ ಪ್ರತಿಕಾಯದ ಬಂಧನಬಲ ಸೆಟುಕ್ಸಿಮ್ಯಾಬ್‌ನದಕ್ಕಿಂತ ಕಡಿಮೆ. ಗ್ರಾಹಕಗಳು ದಟ್ಟವಾಗಿದ್ದಲ್ಲಿ ಎರಡೂ ತೋಳುಗಳಿಂದ ಹಿಡಿದು ನಿಲ್ಲುತ್ತದೆ, ವಿರಳವಾಗಿರುವ ಚರ್ಮದಲ್ಲಿ ಕಳಚಿಕೊಳ್ಳುತ್ತದೆ ಎಂಬುದು ಇದರ ಬಗ್ಗೆ ನೀಡಲಾಗುವ ವಿವರಣೆ. ಸೆಟುಕ್ಸಿಮ್ಯಾಬ್ ಪಡೆದವರಲ್ಲಿ ಸಾಮಾನ್ಯವಾದ ಮೊಡವೆಯಂಥ ತೀವ್ರ ದದ್ದು ಇದರಲ್ಲಿ ವಿರಳ.

ಬಾಲವನ್ನು ಹುರಿದುಂಬಿಸುವುದು, ಬಾಲವನ್ನು ಮೌನಗೊಳಿಸುವುದು

ಹರ್-2 ಸಂಕೇತವನ್ನು ತಡೆಯುವುದಷ್ಟೇ ಟ್ರಾಸ್ಟುಜುಮ್ಯಾಬ್‌ನ ಕೆಲಸವೆಂದು ಮೊದಲು ತೋರುತ್ತಿತ್ತು. 2000ದಲ್ಲಿ ಪ್ರಕಟವಾದ ಇಲಿ ಪ್ರಯೋಗವೊಂದು ಈ ಚಿತ್ರವನ್ನು ಬದಲಿಸಿತು: ಎಫ್‌ಸಿ ಬಾಲವನ್ನು ಹಿಡಿಯುವ ಗ್ರಾಹಕಗಳಿಲ್ಲದ ಇಲಿಗಳಲ್ಲಿ ಔಷಧದ ಪರಿಣಾಮ ಬಹುಮಟ್ಟಿಗೆ ಕುಗ್ಗಿತು. ರೋಗನಿರೋಧಕ ವ್ಯವಸ್ಥೆಯ ನಿಸರ್ಗಹಂತಕ ಜೀವಕೋಶಗಳು ಬಾಲವನ್ನು ಹಿಡಿದು ಕ್ಯಾನ್ಸರ್ ಜೀವಕೋಶವನ್ನು ಕೊಲ್ಲುವುದೂ ಚಿಕಿತ್ಸೆಯ ಭಾಗವೆಂದು ಇದರಿಂದ ಸ್ಪಷ್ಟವಾಯಿತು. ಹಾಗಿದ್ದರೆ ಬಾಲವನ್ನು ಇನ್ನಷ್ಟು ಚುರುಕಾಗಿಸಿದರೆ ಹೇಗೆ? ಅದಕ್ಕೆ ಎರಡು ದಾರಿಗಳಿವೆ. ಬಾಲದ ಮೇಲಿರುವ ಸಕ್ಕರೆ ಸರಪಳಿಯಿಂದ ಫ್ಯೂಕೋಸ್ ಎಂಬ ಘಟಕವನ್ನು ಕಳೆಯುವುದು ಒಂದು, ಬಾಲದ ಅಮೈನೋ ಆಮ್ಲಗಳನ್ನೇ ಬದಲಿಸುವುದು ಇನ್ನೊಂದು.

ಎರಡನೆಯ ದಾರಿಯಲ್ಲಿ ಬಂದ ಮಾರ್ಗೆಟುಕ್ಸಿಮ್ಯಾಬ್, 4ಡಿ5ರ ತೋಳನ್ನೇ ಇಟ್ಟುಕೊಂಡು ಬಾಲದಲ್ಲಿ ಐದು ಬದಲಾವಣೆಗಳನ್ನು ಮಾಡಿದ ಮಿಶ್ರ ಪ್ರತಿಕಾಯ. ಬಾಲವನ್ನು ಸಡಿಲವಾಗಿ ಹಿಡಿಯುವ ಗ್ರಾಹಕರೂಪವನ್ನು ಹುಟ್ಟಿನಿಂದ ಪಡೆದ ರೋಗಿಗಳಿಗೂ ಇದು ನೆರವಾಗಬೇಕೆಂಬುದು ಉದ್ದೇಶ. ಸೋಫಿಯಾ ಪ್ರಯೋಗದಲ್ಲಿ ಇದನ್ನು ಟ್ರಾಸ್ಟುಜುಮ್ಯಾಬ್‌ನೊಂದಿಗೆ ನೇರವಾಗಿ ಹೋಲಿಸಿದಾಗ ರೋಗ ಉಲ್ಬಣಿಸದೆ ಕಳೆದ ಅವಧಿ 4.9ರಿಂದ 5.8 ತಿಂಗಳಿಗೆ ಏರಿತು. ಒಟ್ಟಾರೆ ಬದುಕುಳಿವಿನ ಅಂತಿಮ ಲೆಕ್ಕದಲ್ಲಿ ವ್ಯತ್ಯಾಸ ಉಳಿಯಲಿಲ್ಲ. 2020ರ ಡಿಸೆಂಬರಿನಲ್ಲಿ ಅಮೆರಿಕದ ಒಪ್ಪಿಗೆಯೇನೋ ದೊರೆಯಿತು, ಆದರೆ ಹರ್-2ರಲ್ಲಿ ಬಾಲದ ತಿದ್ದುಪಡಿಯೊಂದರಿಂದಲೇ ಬಂದ ಲಾಭ ಸಣ್ಣದೆಂದು ಒಪ್ಪಬೇಕು. ರಕ್ತದ ಕ್ಯಾನ್ಸರ್‌ಗಳಲ್ಲಿ ಚಿತ್ರ ಹೆಚ್ಚು ಆಶಾದಾಯಕವಾಗಿದೆ. ಫ್ಯೂಕೋಸ್ ಕಡಿಮೆ ಮಾಡಿದ, ಬಿ-ಜೀವಕೋಶಗಳ ಮೇಲಿನ ಸಿಡಿ20 ಪ್ರೋಟೀನನ್ನು ಗುರಿಯಾಗಿಸಿದ ಒಬಿನುಟುಜುಮ್ಯಾಬ್ ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾದಲ್ಲಿ ರಿಟುಕ್ಸಿಮ್ಯಾಬ್ ಅನ್ನು ಸ್ಪಷ್ಟವಾಗಿ ಹಿಂದಿಕ್ಕಿತು. ಆ ಪ್ರಯೋಗದಲ್ಲಿ ಅದರ ಪ್ರಮಾಣವೂ ಹೆಚ್ಚಿತ್ತು, ಅದು ಅಂಟುವ ಬಗೆಯೂ ಬೇರೆಯಿತ್ತು. ಆದ್ದರಿಂದ ಗೆಲುವನ್ನೆಲ್ಲ ಸಕ್ಕರೆಯ ಖಾತೆಗೆ ಹಾಕುವುದು ಸರಿಯಲ್ಲ. ಆದರೂ ರಕ್ತದಲ್ಲಿ ಹಂತಕ ಜೀವಕೋಶಗಳು ಗುರಿಯ ಪಕ್ಕದಲ್ಲೇ ಇರುತ್ತವೆ, ಗಟ್ಟಿ ಗಡ್ಡೆಯೊಳಗೆ ಅವು ವಿರಳ ಎಂಬ ವ್ಯತ್ಯಾಸ ಇಲ್ಲಿ ಗಮನಾರ್ಹ.

ಬಾಲವನ್ನು ಮೌನಗೊಳಿಸಬೇಕಾದ ಸಂದರ್ಭಗಳೂ ಇವೆ. ಟಿ-ಜೀವಕೋಶಕ್ಕೆ ಕಡಿವಾಣ ಹಾಕುವ ಪಿಡಿ-1 ಎಂಬ ಗುರಿ ಇರುವುದು ಕ್ಯಾನ್ಸರ್ ವಿರುದ್ಧ ಹೋರಾಡುವ ಟಿ-ಜೀವಕೋಶದ ಮೇಲೆ. ಅದಕ್ಕೆ ಅಂಟಿದ ಪ್ರತಿಕಾಯ ಹಂತಕ ಜೀವಕೋಶಗಳನ್ನು ಕರೆದರೆ ನಮ್ಮ ಸೈನಿಕನನ್ನು ನಾವೇ ಕೊಂದಂತೆ. ಪಿಡಿ-1 ಹಿಡಿಯುವ ನಿವೊಲುಮ್ಯಾಬ್ ಮತ್ತು ಪೆಂಬ್ರೊಲಿಜುಮ್ಯಾಬ್ ಎರಡೂ ಸಹಜವಾಗಿಯೇ ಮಂದವಾದ ಐಜಿಜಿ4 ಬಾಲವನ್ನು ಹೊಂದಿರುವುದು ಇದೇ ಕಾರಣಕ್ಕೆ. ಐಜಿಜಿ4 ಅಣುಗಳು ತಮ್ಮ ಅರ್ಧಭಾಗಗಳನ್ನು ಪರಸ್ಪರ ಬದಲಿಸಿಕೊಳ್ಳುವ ಸ್ವಭಾವದವಾದ್ದರಿಂದ, ಅದನ್ನು ತಡೆಯಲು ಅವುಗಳ ನಡುಕೀಲಿನಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಲಾಗಿದೆ.

ಹೊರೆ ಹೊರುವ ಪ್ರತಿಕಾಯ

ಬರಿಯ ಪ್ರತಿಕಾಯಕ್ಕೆ ಬಗ್ಗದ ಗಡ್ಡೆಗಳಿಗೆ ಪ್ರತಿಕಾಯ-ಔಷಧ ಸಂಯುಕ್ತ ಮುಂದಿನ ಆಯ್ಕೆ. ಈ ವರ್ಗದಲ್ಲಿ ಪ್ರತಿಕಾಯಕ್ಕಿಂತ, ಅದಕ್ಕೆ ಔಷಧವನ್ನು ಜೋಡಿಸುವ ಕೊಂಡಿಯ ರಸಾಯನಶಾಸ್ತ್ರವೇ ಫಲವನ್ನು ನಿರ್ಧರಿಸುತ್ತದೆ ಎಂದು ನಾನು ಹೇಳುವುದಕ್ಕೆ ಆಧಾರ, ಒಂದೇ ಟ್ರಾಸ್ಟುಜುಮ್ಯಾಬ್ ಅನುಕ್ರಮದ ಮೇಲೆ ನಿಂತ ಎರಡು ಔಷಧಗಳು.

2013ರಲ್ಲಿ ಒಪ್ಪಿಗೆ ಪಡೆದ ಟ್ರಾಸ್ಟುಜುಮ್ಯಾಬ್ ಎಂಟಾನ್ಸಿನ್‌ನಲ್ಲಿ ಪ್ರತಿಕಾಯವೊಂದಕ್ಕೆ ಸರಾಸರಿ 3.5 ಔಷಧ ಅಣುಗಳಿವೆ. ಅವನ್ನು ಪ್ರತಿಕಾಯದ ಮೈಮೇಲಿನ ಲೈಸಿನ್ ಎಂಬ ಅಮೈನೋ ಆಮ್ಲಗಳಿಗೆ ಕಟ್ಟಲಾಗುತ್ತದೆ. ಲೈಸಿನ್‌ಗಳು ಹಲವು ಇರುವುದರಿಂದ ಯಾವ ಅಣುವಿಗೆ ಎಲ್ಲಿ, ಎಷ್ಟು ಹೊರೆ ಬಿದ್ದಿದೆ ಎಂಬುದು ಅಣುವಿನಿಂದ ಅಣುವಿಗೆ ಬದಲಾಗುತ್ತದೆ. ಕೊಂಡಿ ಕತ್ತರಿಸಿಹೋಗುವಂಥದ್ದಲ್ಲ, ಜೀವಕೋಶದೊಳಗೆ ಪ್ರತಿಕಾಯವೇ ಪೂರ್ತಿ ಜೀರ್ಣವಾದ ಮೇಲೆ, ಲೈಸಿನ್‌ನ ತುಣುಕು ಅಂಟಿಕೊಂಡೇ ಇರುವ ಔಷಧ ಹೊರಬರುತ್ತದೆ. ವಿದ್ಯುದಾವೇಶವುಳ್ಳ ಆ ಅಣು ಕೋಶಪೊರೆಯನ್ನು ದಾಟಲಾರದು, ಆದ್ದರಿಂದ ಅದು ಹೊಕ್ಕ ಜೀವಕೋಶವನ್ನು ಮಾತ್ರ ಕೊಲ್ಲುತ್ತದೆ. 2019ರ ಕೊನೆಯಲ್ಲಿ ಬಂದ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಇದಕ್ಕೆ ಎಲ್ಲ ವಿಧದಲ್ಲೂ ವ್ಯತಿರಿಕ್ತ. ಪ್ರತಿಕಾಯವೊಂದಕ್ಕೆ ಸುಮಾರು 8 ಅಣುಗಳು, ಅದೂ ಸರಪಳಿಗಳನ್ನು ಬೆಸೆಯುವ ಸಿಸ್ಟೀನ್‌ಗಳಿಗೆ ಏಕರೂಪವಾಗಿ ಕಟ್ಟಿದವು. ಜೀವಕೋಶದೊಳಗಿನ ಕಿಣ್ವಗಳು ಕತ್ತರಿಸುವ ನಾಲ್ಕು ಅಮೈನೋ ಆಮ್ಲಗಳ ಕೊಂಡಿ. ಹೊರಬಂದ ಔಷಧ ಪೊರೆಯನ್ನು ದಾಟಿ ಪಕ್ಕದ ಜೀವಕೋಶಕ್ಕೂ ಹೋಗಬಲ್ಲದು.

ಪಕ್ಕದ ಜೀವಕೋಶಕ್ಕೆ ಹೋಗುವ ಈ ಗುಣವೇ ನಿರ್ಣಾಯಕವಾಯಿತು, ಏಕೆಂದರೆ ಗಡ್ಡೆಯ ಎಲ್ಲ ಜೀವಕೋಶಗಳಲ್ಲೂ ಹರ್-2 ಒಂದೇ ಸಮನಾಗಿ ಇರುವುದಿಲ್ಲ. ಡೆಸ್ಟಿನಿ-ಬ್ರೆಸ್ಟ್03 ಪ್ರಯೋಗದಲ್ಲಿ ಎರಡನ್ನೂ ನೇರವಾಗಿ ಹೋಲಿಸಿದಾಗ, 12 ತಿಂಗಳ ಹೊತ್ತಿಗೆ ರೋಗ ಉಲ್ಬಣಿಸದೆ ಇದ್ದವರು ಹೊಸ ಔಷಧದಲ್ಲಿ ಶೇ 75.8, ಹಳೆಯದರಲ್ಲಿ ಶೇ 34.1. ತೋಳು ಒಂದೇ, ಗುರಿ ಒಂದೇ. ಕೊಂಡಿ, ಹೊರೆಯ ಬಗೆ ಮತ್ತು ಅದರ ಪ್ರಮಾಣ ಮಾತ್ರ ಬೇರೆ. ಅದಕ್ಕೂ ಮಿಗಿಲಾದ ಬದಲಾವಣೆ ಕಂಡದ್ದು ಹರ್-2 ಅಲ್ಪವಾಗಿರುವ ಸ್ತನ ಕ್ಯಾನ್ಸರ್‌ನಲ್ಲಿ. ಹರ್-2 ಎಷ್ಟಿದೆ ಎಂದು 0ಯಿಂದ 3+ವರೆಗೆ ಅಂಕ ಕೊಡುವ ಅಂಗಾಂಶ ಪರೀಕ್ಷೆಯಲ್ಲಿ 1+ ಬಂದವರನ್ನು, ಅಥವಾ 2+ ಬಂದು ವಂಶವಾಹಿ ಪರೀಕ್ಷೆಯಲ್ಲಿ ಹೆಚ್ಚಳ ಕಾಣದವರನ್ನು ಹಿಂದೆ ಹರ್-2 ನೆಗೆಟಿವ್ ಎಂದೇ ಪರಿಗಣಿಸಲಾಗುತ್ತಿತ್ತು. ಡೆಸ್ಟಿನಿ-ಬ್ರೆಸ್ಟ್04ರಲ್ಲಿ ಇಂಥ ರೋಗಿಗಳ ಬದುಕುಳಿವಿನ ಮಧ್ಯಾಂಕ ಕೀಮೋಥೆರಪಿಯ 16.8 ತಿಂಗಳಿಂದ 23.4 ತಿಂಗಳಿಗೆ ಏರಿ, 2022ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಈ ಬಳಕೆಗೂ ಒಪ್ಪಿಗೆ ದೊರೆಯಿತು. ಹಳೆಯ ವರದಿಯಲ್ಲಿ ನೆಗೆಟಿವ್ ಎಂದಿರುವವರು ಆ ಅಂಕ 0 ಆಗಿತ್ತೋ 1+ ಆಗಿತ್ತೋ ಎಂದು ತಮ್ಮ ಕ್ಯಾನ್ಸರ್ ತಜ್ಞರನ್ನು ಕೇಳುವುದರಲ್ಲಿ ಅರ್ಥವಿದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಬ್ರೆಸ್ಟ್03ರಲ್ಲಿ ಶ್ವಾಸಕೋಶದ ಉರಿಯೂತ ಡೆರುಕ್ಸ್‌ಟೆಕಾನ್ ಪಡೆದವರ ಪೈಕಿ ಶೇ 10.5ರಷ್ಟು ಜನರಲ್ಲಿ, ಎಂಟಾನ್ಸಿನ್ ಪಡೆದವರ ಪೈಕಿ ಶೇ 1.9ರಷ್ಟು ಜನರಲ್ಲಿ ಕಾಣಿಸಿಕೊಂಡಿತು. ಬ್ರೆಸ್ಟ್04ರಲ್ಲಿ ಇದರಿಂದ ಸಾವುಗಳೂ ಸಂಭವಿಸಿದವು. ಈ ಔಷಧ ಪಡೆಯುತ್ತಿರುವಾಗ ಹೊಸದಾಗಿ ಬಂದ ಕೆಮ್ಮು, ಉಸಿರಾಟದ ತೊಂದರೆಗಳನ್ನು ಶೀತವೆಂದು ಬಿಟ್ಟುಬಿಡದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಇನ್ನೊಂದು ಮುಖ್ಯ ಎಚ್ಚರಿಕೆಯೆಂದರೆ ಬರಿಯ ಟ್ರಾಸ್ಟುಜುಮ್ಯಾಬ್, ಎಂಟಾನ್ಸಿನ್ ಮತ್ತು ಡೆರುಕ್ಸ್‌ಟೆಕಾನ್‌ಗಳ ಪ್ರಮಾಣಗಳು ಬೇರೆ ಬೇರೆ. ಹೆಸರಿನ ಮೊದಲ ಪದವನ್ನಷ್ಟೇ ಓದಿ ಒಂದರ ಬದಲು ಇನ್ನೊಂದನ್ನು ಕೊಟ್ಟರೆ ಅಪಾಯ. ಅಮೆರಿಕದ ನಿಯಂತ್ರಣ ಸಂಸ್ಥೆ ಎರಡು ಸಂಯುಕ್ತಗಳ ಹೆಸರಿನ ಮುಂದೆ ಪ್ರತ್ಯೇಕ ಪೂರ್ವಪದ ಸೇರಿಸಿದ್ದು ಈ ಗೊಂದಲವನ್ನು ತಪ್ಪಿಸಲಿಕ್ಕಾಗಿಯೇ.

ಸಂಯುಕ್ತವೆಂದ ಮಾತ್ರಕ್ಕೆ ಗೆಲ್ಲುತ್ತದೆ ಎಂದೂ ಅಲ್ಲ. ಎಂಟಾನ್ಸಿನ್ ಅನ್ನು ಹರಡಿದ ಸ್ತನ ಕ್ಯಾನ್ಸರ್‌ಗೆ ಮೊದಲ ಚಿಕಿತ್ಸೆಯಾಗಿ ಕೊಟ್ಟ ಮಾರಿಯಾನ್ ಪ್ರಯೋಗದಲ್ಲಿ, ಅದು ಬರಿಯ ಟ್ರಾಸ್ಟುಜುಮ್ಯಾಬ್ ಮತ್ತು ಟ್ಯಾಕ್ಸೇನ್ ಎಂಬ ಕೀಮೋಥೆರಪಿ ಔಷಧದ ಜೋಡಿಗಿಂತ ಮೇಲು ಎಂದು ಸಿದ್ಧವಾಗಲಿಲ್ಲ. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾಕ್ಕೆ 2000ದಲ್ಲಿ ಒಪ್ಪಿಗೆ ಪಡೆದ ಮೊದಲ ಸಂಯುಕ್ತ ಜೆಮ್‌ಟುಜುಮ್ಯಾಬ್ ಓಜೋಗಾಮಿಸಿನ್ 2010ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆಯಲ್ಪಟ್ಟು, ಕಡಿಮೆ ಪ್ರಮಾಣವನ್ನು ಬಿಡಿಬಿಡಿಯಾಗಿ ಕೊಡುವ ಕ್ರಮದಲ್ಲಿ 2017ರಲ್ಲಿ ಮರಳಿ ಬಂದಿತು. ಅಣು ಅದೇ, ಬದಲಾದದ್ದು ಕೊಡುವ ರೀತಿ.

ಟಿ-ಜೀವಕೋಶವನ್ನು ಕರೆತರುವವು

ಒಂದು ತೋಳಿನಿಂದ ಕ್ಯಾನ್ಸರ್ ಜೀವಕೋಶವನ್ನೂ ಇನ್ನೊಂದರಿಂದ ಟಿ-ಜೀವಕೋಶದ ಮೇಲಿನ ಸಿಡಿ3 ಪ್ರೋಟೀನನ್ನೂ ಹಿಡಿಯುವ ದ್ವಿಗುರಿ ಪ್ರತಿಕಾಯಗಳು ಅತ್ಯಂತ ಶಕ್ತಿಶಾಲಿಯಾದವು, ಆದ್ದರಿಂದಲೇ ಗುರಿಯ ಆಯ್ಕೆಯಲ್ಲಿ ತಪ್ಪನ್ನು ಕಿಂಚಿತ್ತೂ ಸಹಿಸದವು. ಸಿಡಿ19 ಗುರಿಯ ಬ್ಲಿನಾಟುಮೊಮ್ಯಾಬ್ 2014ರಲ್ಲಿ ಒಪ್ಪಿಗೆ ಪಡೆಯಿತು. ಟವರ್ ಪ್ರಯೋಗದಲ್ಲಿ, ಮರುಕಳಿಸಿದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ರೋಗಿಗಳ ಬದುಕುಳಿವಿನ ಮಧ್ಯಾಂಕವನ್ನು ಅದು ಕೀಮೋಥೆರಪಿಯ 4.0 ತಿಂಗಳಿಂದ 7.7 ತಿಂಗಳಿಗೆ ಏರಿಸಿತು. ಆ ಅಣುವಿಗೆ ಬಾಲವಿಲ್ಲ. ಹೀಗಾಗಿ ಅರ್ಧಾಯುಷ್ಯ ಎರಡು ಗಂಟೆಯಷ್ಟೇ, ರೋಗಿ 28 ದಿನ ಪಂಪಿಗೆ ಜೋಡಿಸಿಕೊಂಡೇ ಇರಬೇಕು. ಮುಂದೆ ಬಂದ ಟೆಕ್ಲಿಸ್ಟಮ್ಯಾಬ್‌ನಂಥವು ಮೌನಗೊಳಿಸಿದ ಬಾಲವನ್ನು ಉಳಿಸಿಕೊಂಡದ್ದರಿಂದ ಚರ್ಮದಡಿಯ ಚುಚ್ಚುಮದ್ದಾಗಿ ವಾರಕ್ಕೊಮ್ಮೆ ಕೊಟ್ಟರೆ ಸಾಕಾಗುತ್ತದೆ. ತಯಾರಿಕೆಯ ತೊಡಕು ಬೇರೆ: ಎರಡು ಬಗೆಯ ಭಾರದ ಸರಪಳಿ, ಎರಡು ಬಗೆಯ ಹಗುರ ಸರಪಳಿಗಳನ್ನು ಒಂದೇ ಜೀವಕೋಶದಲ್ಲಿ ಬೆಳೆಸಿದರೆ ಹತ್ತು ಬಗೆಯ ಅಣುಗಳು ಹುಟ್ಟಬಹುದು, ಬೇಕಾದದ್ದು ಎಂಟರಲ್ಲಿ ಒಂದು ಪಾಲು ಮಾತ್ರ. ಒಂದು ಸರಪಳಿಯಲ್ಲಿ ಉಬ್ಬು, ಇನ್ನೊಂದರಲ್ಲಿ ಅದಕ್ಕೊಪ್ಪುವ ತಗ್ಗು ಮಾಡಿ ಜೋಡಿಯನ್ನು ಬಲವಂತಪಡಿಸುವ ವಿಧಾನ ಇದಕ್ಕೆ ಈಗ ರೂಢಿಯಲ್ಲಿರುವ ಉತ್ತರ.

ಸಿಡಿ19 ಇಷ್ಟು ಫಲಿಸಿದ್ದೇಕೆ? ಆ ಗುರುತು ಆರೋಗ್ಯವಾಗಿರುವ ಬಿ-ಜೀವಕೋಶಗಳ ಮೇಲೂ ಇದೆ, ಚಿಕಿತ್ಸೆಯಲ್ಲಿ ಅವೂ ನಾಶವಾಗುತ್ತವೆ. ಆದರೆ ಬಿ-ಜೀವಕೋಶಗಳಿಲ್ಲದೆ ಮನುಷ್ಯ ಬದುಕಬಲ್ಲ, ಕೊರತೆಯನ್ನು ಇಮ್ಯುನೊಗ್ಲಾಬ್ಯುಲಿನ್ ಕೊಟ್ಟು ತುಂಬಬಹುದು. ಶ್ವಾಸಕೋಶವಿಲ್ಲದೆ ಬದುಕಲಾಗದು. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವೈದ್ಯರು ಪ್ರಕಟಿಸಿದ ವರದಿಯನ್ನು ಈ ಕ್ಷೇತ್ರಕ್ಕೆ ಬರುವ ಪ್ರತಿಯೊಬ್ಬರೂ ಓದಬೇಕು. ಟ್ರಾಸ್ಟುಜುಮ್ಯಾಬ್‌ನ ತೋಳನ್ನೇ ಗ್ರಾಹಕವಾಗಿಸಿದ ಕಾರ್-ಟಿ ಜೀವಕೋಶಗಳನ್ನು, ದೊಡ್ಡಕರುಳಿನ ಕ್ಯಾನ್ಸರ್ ಹರಡಿದ್ದ ರೋಗಿಯೊಬ್ಬರಿಗೆ ಸುಮಾರು ಸಾವಿರ ಕೋಟಿಯಷ್ಟು ಕೊಡಲಾಗಿತ್ತು. 15 ನಿಮಿಷಗಳೊಳಗೆ ಉಸಿರಾಟದ ತೊಂದರೆ ಆರಂಭವಾಯಿತು, ಐದು ದಿನಗಳಲ್ಲಿ ರೋಗಿ ತೀರಿಕೊಂಡರು. ಶ್ವಾಸಕೋಶದ ಒಳಪದರದಲ್ಲಿರುವ ಅತ್ಯಲ್ಪ ಹರ್-2 ಅನ್ನೇ ಆ ಜೀವಕೋಶಗಳು ಗುರುತಿಸಿದವು ಎಂಬುದು ವೈದ್ಯರ ತೀರ್ಮಾನ. ಬರಿಯ ಪ್ರತಿಕಾಯವಾಗಿ ವರ್ಷಗಟ್ಟಲೆ ಸುರಕ್ಷಿತವಾಗಿ ಬಳಸಿದ್ದ ತೋಳು ಅದು. ಕೊಲ್ಲುವ ಶಕ್ತಿ ಹೆಚ್ಚಿದಾಗ ಅದೇ ಗುರಿಯ ಸುರಕ್ಷತೆಯ ಲೆಕ್ಕವನ್ನು ಹೊಸದಾಗಿ ಮಾಡಬೇಕು. ಹಳೆಯ ಔಷಧದ ಸುರಕ್ಷತಾ ದಾಖಲೆ ಅದಕ್ಕೆ ಜಾಮೀನಾಗದು.

ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕೇಂದ್ರದಲ್ಲಿ ಬೆಳೆದು, 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ ನೆಕ್ಸ್‌ಕಾರ್19 ಕೂಡ ಸಿಡಿ19 ಗುರಿಯದೇ. ಮೊದಲ ತಲೆಮಾರಿನ ಕಾರ್-ಟಿಗಳಲ್ಲಿದ್ದ ಇಲಿಯ ತುಣುಕಿನ ಬದಲು ಇದರಲ್ಲಿ ಮಾನವೀಕೃತ ತುಣುಕಿದೆ. ಪ್ರತಿಕಾಯ ವಿನ್ಯಾಸದ ಹಳೆಯ ಪಾಠ ಹೊಸ ಚಿಕಿತ್ಸೆಗೂ ಅನ್ವಯಿಸಿದ ಸಂದರ್ಭ ಇದು.

ಆಯ್ಕೆಯ ದಾರಿ

ಇಷ್ಟನ್ನು ಮುಂದಿಟ್ಟುಕೊಂಡು ಹೊಸ ಗುರಿಯೊಂದಕ್ಕೆ ವಿನ್ಯಾಸ ಆರಿಸುವವರು ಮೊದಲು ಆರೋಗ್ಯವಂತ ಅಂಗಾಂಶಗಳ ಕಡೆ ನೋಡಬೇಕು. ಗುರಿಯುಳ್ಳ ಸಹಜ ಜೀವಕೋಶಗಳೆಲ್ಲ ನಾಶವಾದರೂ ರೋಗಿ ಬದುಕಬಲ್ಲರೆಂದಾದರೆ ಮಾತ್ರ ಟಿ-ಜೀವಕೋಶಗಳನ್ನು ಕರೆತರುವ ವಿನ್ಯಾಸಗಳನ್ನು ಯೋಚಿಸಿ. ಹೃದಯ, ಶ್ವಾಸಕೋಶ, ಕರುಳಿನಲ್ಲಿ ಗುರಿ ಇದ್ದರೆ ಆ ದಾರಿ ಅಪಾಯದ್ದು, ಕಡಿಮೆ ಬಂಧನಬಲದ ತೋಳುಗಳಂಥ ಹೆಚ್ಚುವರಿ ರಕ್ಷಣೆ ಇಲ್ಲದೆ ಹೋಗಕೂಡದು. ಗುರಿ ಪ್ರತಿಕಾಯವನ್ನು ಹೊತ್ತು ಜೀವಕೋಶದೊಳಗೆ ಹೋಗುತ್ತದೆಯೇ ಎಂಬುದನ್ನು ಆಮೇಲೆ ಅಳೆಯಬೇಕು. ಹೋಗುವುದಾದರೆ ಸಂಯುಕ್ತಕ್ಕೆ ಅದು ಯೋಗ್ಯ; ಮೇಲ್ಮೈಯಲ್ಲೇ ಉಳಿಯುವುದಾದರೆ ಬಾಲವನ್ನು ಚುರುಕುಗೊಳಿಸಿದ ಪ್ರತಿಕಾಯಕ್ಕೆ ಅದೇ ಅನುಕೂಲ. ಗಡ್ಡೆಯಲ್ಲಿ ಗುರಿಯ ಹಂಚಿಕೆ ಏರುಪೇರಾಗಿದ್ದರೆ ಪಕ್ಕದ ಜೀವಕೋಶಕ್ಕೂ ಹೋಗಬಲ್ಲ ಹೊರೆ ಬೇಕು. ಗುರಿಯ ಸಂಕೇತವೇ ಗಡ್ಡೆಯ ಜೀವಾಳವಾಗಿದ್ದರೆ ಬರಿಯ ಪ್ರತಿಕಾಯವನ್ನು ಹಳತೆಂದು ತಳ್ಳಿಹಾಕಬೇಡಿ.

ಪ್ರಯೋಗಾಲಯದಲ್ಲಿ ಹೆಚ್ಚು ಕಡೆಗಣಿಸಲ್ಪಡುವ ವಿಷಯವೆಂದರೆ ಅಣುವಿನ ಬಾಳಿಕೆ. ಕುಣಿಕೆಯಲ್ಲಿ ಆಸ್ಪರಾಜಿನ್‌ನ ಪಕ್ಕ ಗ್ಲೈಸಿನ್ ಇದ್ದರೆ ಅದು ದಾಸ್ತಾನಿನಲ್ಲಿ ನಿಧಾನವಾಗಿ ರೂಪ ಬದಲಿಸುವ ಸಾಧ್ಯತೆ ಹೆಚ್ಚು, ಬಂಧನಬಲ ಕುಗ್ಗಬಹುದು. ಟ್ರಾಸ್ಟುಜುಮ್ಯಾಬ್‌ನಲ್ಲೂ ಇಂಥ ಬದಲಾವಣೆಗೆ ಒಳಗಾಗುವ ಜಾಗಗಳಿವೆ, ತಯಾರಾದ ಪ್ರತಿ ಬ್ಯಾಚಿನಲ್ಲೂ ಅವನ್ನು ಅಳೆಯಬೇಕಾಗುತ್ತದೆ. ಇಂಥ ಜಾಗಗಳನ್ನು ಆರಂಭದಲ್ಲೇ ಹುಡುಕಿ ತಿದ್ದುವುದು ಸುಲಭ. ಮನುಷ್ಯರ ಮೇಲಿನ ಪ್ರಯೋಗ ಶುರುವಾದ ಮೇಲೆ ಸಾಧ್ಯವಾಗದು.

ನಮ್ಮ ನೆಲದಲ್ಲಿ ಬೆಲೆಯನ್ನು ಬದಿಗಿಟ್ಟು ವಿನ್ಯಾಸದ ಮಾತಾಡುವುದು ನ್ಯಾಯವಲ್ಲ. ಬರಿಯ ಪ್ರತಿಕಾಯದ ಒಂದು ದೊಡ್ಡ ಅನುಕೂಲವೆಂದರೆ ಪೇಟೆಂಟ್ ಅವಧಿ ಮುಗಿದ ಮೇಲೆ ಅದರ ಬಯೋಸಿಮಿಲರ್ (ಮೂಲಕ್ಕೆ ಸರಿಸಮವೆಂದು ತೋರಿಸಿದ ನಕಲು) ತಯಾರಿಸುವ ದಾರಿ ಈಗ ಸ್ಪಷ್ಟವಾಗಿದೆ. ಬಯೋಕಾನ್‌ನ ಟ್ರಾಸ್ಟುಜುಮ್ಯಾಬ್ 2014ರ ಆರಂಭದಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಮೈಲಾನ್ ಜೊತೆಗೂಡಿ ಬೆಳೆಸಿದ ಅದರ ರೂಪ 2017ರ ಡಿಸೆಂಬರಿನಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಮೊತ್ತಮೊದಲ ಟ್ರಾಸ್ಟುಜುಮ್ಯಾಬ್ ಬಯೋಸಿಮಿಲರ್ ಆಯಿತು. ಸಂಯುಕ್ತಗಳ ತಯಾರಿಕೆಗೆ ತೀವ್ರ ವಿಷದ ಅಣುಗಳನ್ನು ಸುರಕ್ಷಿತವಾಗಿ ನಿರ್ವಹಿಸುವ ಪ್ರತ್ಯೇಕ ಘಟಕವೇ ಬೇಕು. ಆದರೂ 2021ರಲ್ಲಿ ಝೈಡಸ್ ಎಂಟಾನ್ಸಿನ್‌ನ ಬಯೋಸಿಮಿಲರ್ ಅನ್ನು ಇಲ್ಲಿ ಹೊರತಂದಿತು.

ಪ್ರಮಾಣವನ್ನು ಎಷ್ಟು ಇಡಬೇಕು ಎಂಬುದನ್ನೂ ವಿನ್ಯಾಸದ ಭಾಗವಾಗಿಯೇ ನೋಡಬೇಕು. ಟಾಟಾ ಮೆಮೋರಿಯಲ್‌ನಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಮುಂದುವರಿದಿದ್ದ ರೋಗಿಗಳಿಗೆ, ಬಾಯಿಯ ಮೂಲಕ ಕೊಡುವ ಮೂರು ಔಷಧಗಳ ಜೊತೆಗೆ ನಿವೊಲುಮ್ಯಾಬ್ ಅನ್ನು ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ಕೊಡಲಾಯಿತು; ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಒಂದು ವರ್ಷದ ಬದುಕುಳಿವು ಮೂರು ಔಷಧಗಳನ್ನಷ್ಟೇ ಪಡೆದವರಲ್ಲಿ ಶೇ 16.3 ಇದ್ದರೆ, ನಿವೊಲುಮ್ಯಾಬ್ ಸೇರಿಸಿದವರಲ್ಲಿ ಶೇ 43.4 ಆಯಿತು. ಟಿ-ಜೀವಕೋಶಗಳ ಮೇಲಿನ ಪಿಡಿ-1 ಗ್ರಾಹಕಗಳು ಅತ್ಯಲ್ಪ ಪ್ರಮಾಣದಲ್ಲೇ ಬಹುಪಾಲು ಭರ್ತಿಯಾಗುತ್ತವೆ ಎಂಬುದು ಆ ಔಷಧದ ಆರಂಭದ ಪ್ರಯೋಗಗಳಲ್ಲೇ ಕಂಡಿತ್ತು. ಹೊಸ ಪ್ರತಿಕಾಯದ ಮೊದಲ ಹಂತದ ಪ್ರಯೋಗವನ್ನು ಯೋಜಿಸುವವರು ದೇಹ ತಾಳಬಲ್ಲ ಗರಿಷ್ಠ ಪ್ರಮಾಣವನ್ನು ಹುಡುಕುವುದರ ಜೊತೆಗೆ, ಗುರಿ ಭರ್ತಿಯಾಗಲು ಸಾಕಾಗುವ ಕನಿಷ್ಠ ಪ್ರಮಾಣವನ್ನೂ ಅಳೆದು ದಾಖಲಿಸುವಂತೆ ಯೋಜನೆಯಲ್ಲೇ ಬರೆದಿಡಬೇಕು.